ಎಳೆದಷ್ಟೂ ಓಡುವ ಕುದುರೆಗೆ ಲಗಾಮು ಹಿಡಿಯುವುದು ಹೇಗೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. ಆರು ತಿಂಗಳ ಹಿಂದೆ ಬೆಂಗಳೂರಿನಿಂದ ರೇಸ್ ಬಿಟ್ಟ ಎಂಟು ವರ್ಷದ ಕುದುರೆಯೊಂದನ್ನು ತಂದೆ. ಲಾಯದಲ್ಲಿ ಬಹಳ ಸಾಧು. ಆದರೆ ಮೇಲೆ ಹತ್ತಿ, ನಡಿಗೆಗಿಂತ ವೇಗದ ಸಣ್ಣ ಓಟವಾದ ಟ್ರಾಟ್‌ಗೆ ಬಂದರೆ ಸಾಕು, ವೇಗ ಏರುತ್ತಲೇ ಹೋಗುತ್ತದೆ. ಲಗಾಮು ಎಳೆದಷ್ಟೂ ಜಾಸ್ತಿ ಓಡುತ್ತದೆ, ತಲೆ ಮೇಲಕ್ಕೆ ಎಸೆಯುತ್ತದೆ. ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿವೆ. ಪರಿಚಯದವರೊಬ್ಬರು ಮುಳ್ಳಿನ ಕಡಿವಾಣ ಹಾಕಿ ನೋಡಿ ಅನ್ನುತ್ತಿದ್ದಾರೆ. ಹಾಕಲೇ? ಲಗಾಮು ಸರಿಯಾಗಿ ಹಿಡಿಯುವುದು ಅಂದರೆ ಹೇಗೆ?

ಉತ್ತರ: ಮುಳ್ಳಿನ ಕಡಿವಾಣ ಹಾಕಬೇಡಿ. ಉಳಿದದ್ದೆಲ್ಲ ಆಮೇಲೆ. ಬಾಯೊಳಗೆ ಕೂರುವ ಆ ಸರಳಿನ ಕಬ್ಬಿಣದ ಮೊಳೆಗಳು ನಾಲಿಗೆಯನ್ನೂ ತುಟಿಯನ್ನೂ ಸೀಳುತ್ತವೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲೇ ಅದಕ್ಕೆ ನಿಷೇಧ ಇದೆ. ಆದರೂ ಮೆರವಣಿಗೆಯ ಕುದುರೆಗಳ ಬಾಯಲ್ಲಿ ಇವತ್ತಿಗೂ ಕಾಣುತ್ತದೆ. ಕಂಡಾಗಲೆಲ್ಲ ನನಗೆ ಕರುಳು ಕಿವುಚಿದ ಹಾಗಾಗುತ್ತದೆ. ನಿಮ್ಮ ಕುದುರೆಯ ಮಟ್ಟಿಗೆ ಅದು ಪ್ರಯೋಜನಕ್ಕೂ ಬರುವುದಿಲ್ಲ. ಬಾಯಿಗೆ ನೋವಾದಾಗ ಕುದುರೆಗೆ ಗೊತ್ತಿರುವ ಉಪಾಯ ಒಂದೇ, ಓಡುವುದು. ನೋವು ಹೆಚ್ಚಿಸಿದರೆ ಓಟವೂ ಹೆಚ್ಚುತ್ತದೆ.

ನಿಮ್ಮ ಕುದುರೆ ಹಠ ಮಾಡುತ್ತಿಲ್ಲ. ಚಿಕ್ಕಂದಿನಿಂದ ಕಲಿತ ಪಾಠವನ್ನೇ ಒಪ್ಪಿಸುತ್ತಿದೆ. ರೇಸಿನಲ್ಲಿ ಜಾಕಿ ಲಗಾಮನ್ನು ಗಿಡ್ಡ ಹಿಡಿಯುತ್ತಾನೆ. ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಸೇರಿಸಿ, ಕುತ್ತಿಗೆಯ ಮೇಲೆ ಅಡ್ಡಕ್ಕೆ ಸೇತುವೆ ಹಾಗೆ ಮಾಡಿಕೊಳ್ಳುತ್ತಾನೆ. ಕುದುರೆ ಆ ಬಿಗಿಗೆ ಬಾಯಿ ಒರಗಿಸಿ, ಅದರ ಆಸರೆಯಲ್ಲೇ ಓಡುತ್ತದೆ. ಗೆರೆ ದಾಟಿದ ಮೇಲೆ ಜಾಕಿ ಪಾದ ಇಡುವ ರಿಕಾಪಿನ ಮೇಲೆ ಎದ್ದು ನಿಲ್ಲುತ್ತಾನೆ, ಲಗಾಮು ಸಡಿಲವಾಗುತ್ತದೆ. ಕುದುರೆ ತಾನಾಗಿಯೇ ನಿಧಾನ ಆಗುತ್ತದೆ. ಬಿಗಿ ಅಂದರೆ ಓಡು, ಸಡಿಲ ಅಂದರೆ ಕೆಲಸ ಮುಗಿಯಿತು. ಇಷ್ಟೇ ಅದಕ್ಕೆ ಗೊತ್ತು. ನೀವು ಹೆದರಿ ಬಿಗಿ ಹಿಡಿಯುತ್ತೀರಿ. ಅದು ಹೇಳಿದ ಮಾತು ಕೇಳಿ ಓಡುತ್ತದೆ. ನೀವು ಇನ್ನೂ ಎಳೆಯುತ್ತೀರಿ, ಅದು ಇನ್ನೂ ಓಡುತ್ತದೆ. ಪಾಪ, ಇಬ್ಬರ ತಪ್ಪೂ ಇಲ್ಲ ಅಲ್ವಾ?

ಬಲದ ಲೆಕ್ಕವನ್ನೂ ನೋಡಿ. ರೇಸಿನ ತಳಿಯಾದ ಥರೋಬ್ರೆಡ್ ಕುದುರೆ ಸುಮಾರು 450ರಿಂದ 500 ಕೆ.ಜಿ. ತೂಗುತ್ತದೆ. ನೀವು 70 ಕೆ.ಜಿ. ಇರಬಹುದು. ಅದರ ಜೊತೆ ಹಗ್ಗಜಗ್ಗಾಟಕ್ಕೆ ನಿಂತರೆ ಯಾವತ್ತೂ ನೀವೇ ಸೋಲುವುದು. ಜಗ್ಗಾಟಕ್ಕೆ ಇಬ್ಬರು ಬೇಕು. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಜಗ್ಗಲು ಏನೂ ಇರುವುದಿಲ್ಲ. ಬಿಡಬೇಕಾದವರು ನೀವು.

ಕಡಿವಾಣ ಎಲ್ಲಿ ಕೂರುತ್ತದೆ ಅಂತ ಒಮ್ಮೆ ಕುದುರೆಯ ತುಟಿ ಬಿಡಿಸಿ ನೋಡಿ. ಮುಂದೆ ಹುಲ್ಲು ಕಚ್ಚುವ ಹಲ್ಲುಗಳು, ಹಿಂದೆ ಅಗಿಯುವ ದವಡೆ ಹಲ್ಲುಗಳು. ನಡುವೆ ಹಲ್ಲಿಲ್ಲದ ಖಾಲಿ ವಸಡು. ಕಡಿವಾಣ ಕೂರುವುದು ಅಲ್ಲಿ, ಆ ವಸಡಿನ ಮೇಲೆ ಮತ್ತು ನಾಲಿಗೆಯ ಮೇಲೆ. ಗಂಡು ಕುದುರೆಗೆ ಆ ಜಾಗದಲ್ಲಿ ಸಾಮಾನ್ಯವಾಗಿ ಒಂದು ಕೋರೆಹಲ್ಲು ಇರುತ್ತದೆ. ವಸಡನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಚರ್ಮ ತೀರಾ ತೆಳು, ಕೆಳಗೆ ನೇರವಾಗಿ ಮೂಳೆ. ನಿಮ್ಮ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಯಾರಾದರೂ ಸರಳು ಒತ್ತಿದರೆ ಹೇಗಿರುತ್ತದೋ ಹಾಗೆ. ಲಗಾಮಿನ ಈ ತುದಿ ನಿಮ್ಮ ಕೈಯಲ್ಲಿದೆ, ಆ ತುದಿ ಅಲ್ಲಿದೆ.

ಇದನ್ನು ನಾನು ತಡವಾಗಿ ಕಲಿತೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನಗೊಂದು ಕೆಂದು ಬಣ್ಣದ ಹೆಣ್ಣು ಕುದುರೆ ಇತ್ತು. ಅದೂ ತಲೆ ಎಸೆಯುತ್ತಿತ್ತು. ನಾನು ಕಡಿವಾಣ ಬದಲಿಸುತ್ತಾ ಹೋದೆ. ಪ್ರತಿ ಸಲ ಮೊದಲಿಗಿಂತ ಗಡುಸಾದದ್ದು. ಒಂದು ಸಂಜೆ ಕಡಿವಾಣ ತೊಳೆಯುವಾಗ ನೀರು ಕೆಂಪಗಾಯಿತು. ಬಾಯಿ ಬಿಡಿಸಿ ನೋಡಿದರೆ ವಸಡು ಹರಿದಿತ್ತು. ಆ ಗಾಯ ನನ್ನ ಕೈಯಿಂದಲೇ ಆದದ್ದು. ಗಾಯ ಮಾಯಲು ವಾರಗಳು ಸಾಕಾದವು. ಕಡಿವಾಣ ತಂದರೆ ತಲೆ ಬಗ್ಗಿಸಿ ಬಾಯಿ ತೆರೆಯುವಷ್ಟು ನಂಬಿಕೆ ಮತ್ತೆ ಬರಲು ಒಂದು ವರ್ಷ ಬೇಕಾಯಿತು. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಹಾಗಾಗಿ ಸವಾರಿಗೆ ಮೊದಲು ಹಲ್ಲು ತೋರಿಸಿ. ಕುದುರೆಯ ಹಲ್ಲು ಬಹುಕಾಲ ಮೇಲೆ ಬರುತ್ತಲೇ ಇರುತ್ತದೆ, ಸವೆಯುತ್ತಲೂ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಅದರಿಂದ ಅಂಚುಗಳು ಸಮನಾಗಿ ಸವೆಯದೆ ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊರೆಯುತ್ತವೆ. ಕೆಲವು ಕುದುರೆಗಳಿಗೆ ಮೇಲಿನ ದವಡೆ ಹಲ್ಲಿನ ಮುಂದೆ ವುಲ್ಫ್ ಟೂತ್ ಎಂಬ ಪುಟ್ಟ ಹಲ್ಲು ಇರುತ್ತದೆ. ಕಡಿವಾಣ ಅದಕ್ಕೆ ತಾಗಿದರೆ ತಲೆ ಎಸೆಯದೆ ಏನು ಮಾಡೀತು? ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ನಿಮಗೆ ದೂರವೂ ಅಲ್ಲ. ವರ್ಷಕ್ಕೊಮ್ಮೆ ಹಲ್ಲು ನೋಡಿಸುವುದು ರೂಢಿಯಾಗಲಿ. ಜೀನು ಬೆನ್ನಿಗೆ ಒತ್ತುತ್ತಿದೆಯೇ ಅಂತಲೂ ಕೇಳಿ. ಬೆನ್ನು ನೋಯುವ ಕುದುರೆಯೂ ಹೀಗೇ ಓಡುತ್ತದೆ. ರೇಸಿನ ಕಾಲದ ಹಾಗೆ ಓಟ್ಸ್, ಹುರುಳಿ ಈಗಲೂ ಸುರಿಯುತ್ತಿದ್ದರೆ ಕಡಿಮೆ ಮಾಡಿ, ಹುಲ್ಲು ಹೆಚ್ಚಿಸಿ, ಹಗಲು ಹೊರಗೆ ಬಿಡಿ.

ಕಡಿವಾಣ ಸಾದಾ ಸ್ನಾಫಲ್ ಇರಲಿ, ಅಂದರೆ ಎರಡೂ ಬದಿಯ ಬಳೆಗೆ ಲಗಾಮು ನೇರವಾಗಿ ಸೇರುವಂಥದ್ದು. ನಡುವೆ ಎರಡು ಕೀಲು ಇರುವುದಾದರೆ ನಾಲಿಗೆಗೆ ಹಿತ. ಬಾಯಿಯ ಎರಡೂ ಬದಿ ಅರ್ಧ ಸೆಂಟಿಮೀಟರ್‌ನಷ್ಟು ಹೊರಗೆ ಉಳಿದರೆ ಅಳತೆ ಸರಿ. ಮೂಗಿನ ಪಟ್ಟಿ ಕಟ್ಟಿದ ಮೇಲೆ ಮೂಗಿನ ಮೂಳೆಯ ಮೇಲೆ ನಿಮ್ಮ ಎರಡು ಬೆರಳು ಒಳಗೆ ಹೋಗಬೇಕು. ಬಾಯಿ ತೆರೆಯುತ್ತದೆ ಅಂತ ಪಟ್ಟಿ ಬಿಗಿ ಮಾಡುವವರಿದ್ದಾರೆ. ಅದು ಕೂಗುವವನ ಬಾಯಿ ಕಟ್ಟಿದ ಹಾಗೆ.

ಈಗ ಹಿಡಿಯುವ ವಿಷಯಕ್ಕೆ ಬರೋಣ. ಕಡಿವಾಣದಿಂದ ಬರುವ ಪಟ್ಟಿ ಕಿರುಬೆರಳು ಮತ್ತು ಉಂಗುರದ ಬೆರಳಿನ ನಡುವೆ ಒಳಗೆ ಬರಲಿ. ಅಂಗೈ ದಾಟಿ ತೋರುಬೆರಳಿನ ಮೇಲಿಂದ ಹೊರಗೆ ಹೋಗಲಿ. ಅಲ್ಲಿ ಹೆಬ್ಬೆರಳು ಮೇಲಿನಿಂದ ಒತ್ತಿ ಹಿಡಿಯಲಿ. ಲಗಾಮು ಜಾರದಂತೆ ನೋಡುವ ಕೆಲಸ ಹೆಬ್ಬೆರಳಿನದು, ಉಳಿದ ಬೆರಳುಗಳದ್ದಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಾರುತ್ತದೆ ಅಂತ ಇಡೀ ಮುಷ್ಟಿ ಬಿಗಿ ಮಾಡುತ್ತಾರೆ. ಮುಷ್ಟಿ ಬಿಗಿಯಾದರೆ ಮಣಿಕಟ್ಟು ಬಿಗಿ, ಮೊಣಕೈ ಬಿಗಿ, ಭುಜ ಬಿಗಿ. ಆಗ ಕುದುರೆಯ ಬಾಯಿಗೆ ಸಿಗುವುದು ಕೈಯಲ್ಲ, ಗೂಟ. ನಿಮ್ಮ ಬೊಬ್ಬೆ ಎಲ್ಲಿ ಎದ್ದಿವೆ ನೋಡಿಕೊಳ್ಳಿ. ಉಂಗುರದ ಬೆರಳಿನ ಬದಿಯಲ್ಲಿದ್ದರೆ ಹೆಬ್ಬೆರಳು ತನ್ನ ಕೆಲಸ ಮಾಡುತ್ತಿಲ್ಲ, ಪಟ್ಟಿ ದಿನವೂ ಅಲ್ಲಿ ಜಾರಿ ಉಜ್ಜುತ್ತಿದೆ ಅಂತ ಅರ್ಥ.

ಹೆಬ್ಬೆರಳುಗಳು ಆಕಾಶ ನೋಡಲಿ. ಅಂಗೈ ಕೆಳಗೆ ಮಾಡಿದರೆ ಮೊಣಕೈ ಹೊರಗೆ ಹಾರಿ ತೋಳು ಗಡುಸಾಗುತ್ತದೆ. ಎರಡು ಕೈಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ ಸಾಕು. ಕೈಗಳು ಕುದುರೆಯ ಹೆಗಲ ದಿಬ್ಬದ ಸ್ವಲ್ಪ ಮುಂದೆ, ಸ್ವಲ್ಪ ಮೇಲೆ ಇರಲಿ. ಪಕ್ಕದಲ್ಲಿ ನಿಂತವರಿಗೆ ಮೊಣಕೈ, ಮಣಿಕಟ್ಟು, ಲಗಾಮು, ಕಡಿವಾಣ ಒಂದೇ ಗೆರೆಯಲ್ಲಿ ಕಾಣಬೇಕು. ಕುದುರೆ ತಲೆ ಎತ್ತಿದರೆ ಕೈಯೂ ಏರಲಿ, ತಗ್ಗಿಸಿದರೆ ಇಳಿಯಲಿ. ಎತ್ತಿದ ತಲೆಯನ್ನು ತಗ್ಗಿಸಲು ಕೈಯನ್ನು ತೊಡೆಗೆ ಒತ್ತಿ ಹಿಡಿಯುವುದು ಹಳೆಯ ತಪ್ಪು. ಅದು ನೇರವಾಗಿ ವಸಡಿನ ಮೂಳೆಗೆ ತಾಗುತ್ತದೆ.

ಮಲೆನಾಡಿನವರಿಗೆ ನಾನು ಒಂದು ಹೋಲಿಕೆ ಹೇಳುತ್ತೇನೆ. ಹಸುವಿನ ಹಾಲು ಕರೆದಿದ್ದೀರಾ? ಹೊಸಬರು ಮೊಲೆಯನ್ನು ಕೆಳಕ್ಕೆ ಜಗ್ಗುತ್ತಾರೆ. ಹಸು ಒದೆಯುತ್ತದೆ. ಕೈ ಪಳಗಿದವರು ಜಗ್ಗುವುದೇ ಇಲ್ಲ. ಕೈ ಇದ್ದಲ್ಲೇ ಇರುತ್ತದೆ. ಬೆರಳು ಒಂದಾದ ಮೇಲೊಂದು ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಲಗಾಮು ಕೂಡ ಹಾಗೇ. ಕೇಳುವುದು ಬೆರಳು, ತೋಳಲ್ಲ. ಉಂಗುರದ ಬೆರಳು ಮುಚ್ಚಿದರೆ ಒಂದು ಮಾತು. ತೆರೆದರೆ 'ಸರಿ, ಅದೇ' ಅನ್ನುವ ಇನ್ನೊಂದು ಮಾತು. ಈ ಎರಡನೇ ಮಾತು ಇಲ್ಲದಿದ್ದರೆ ಮೊದಲನೆಯದಕ್ಕೆ ಅರ್ಥವೇ ಇಲ್ಲ. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ಹೋದ ಗಳಿಗೆಯಿಂದ. ಅದು ಯಾವ ಕೆಲಸ ಮಾಡುತ್ತಿದ್ದಾಗ ಬಾಯಿಗೆ ಹಗುರ ಸಿಕ್ಕಿತೋ ಆ ಕೆಲಸವನ್ನು ನೆನಪಿಡುತ್ತದೆ. ಅದು ಒಂದು ಗುಂಜಿಯಷ್ಟು ಕೊಟ್ಟಾಗಲೇ ನೀವೂ ಬಿಡಬೇಕು. ತಡವಾಗಿ ಬಿಟ್ಟರೆ ಯಾಕೆ ಸಿಕ್ಕಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬಿಡುವುದು ಅಂದರೆ ಎಸೆಯುವುದಲ್ಲ. ಬೆರಳು ಮೆತ್ತಗಾದರೆ ಸಾಕು. ಲಗಾಮು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತಾಡಿದರೆ, ಮುಂದಿನ ಸಲ ಹಿಡಿಯುವಾಗ ಅದು ಜಗ್ಗಿದ ಏಟಾಗುತ್ತದೆ.

ಕೈ ಸ್ಥಿರ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾವುದಕ್ಕೆ ಹೋಲಿಸಿ ಸ್ಥಿರ ಅನ್ನುವುದನ್ನು ಹೇಳುವುದಿಲ್ಲ. ಕುದುರೆಯ ಬಾಯಿಗೆ ಹೋಲಿಸಿ ಸ್ಥಿರ, ನಿಮ್ಮ ಹೊಟ್ಟೆಗೆ ಹೋಲಿಸಿ ಅಲ್ಲ. ಸಾದಾ ನಡಿಗೆಯಲ್ಲಿ ಕುದುರೆ ಹೆಜ್ಜೆಗೆ ತಕ್ಕ ಹಾಗೆ ತಲೆ ಹಿಂದೆ ಮುಂದೆ ಆಡಿಸುತ್ತದೆ. ಆಗ ನಿಮ್ಮ ಮೊಣಕೈ ಬಾಗಿಲ ತಿರುಗಣಿಯಂತೆ ತೆರೆದು ಮುಚ್ಚಬೇಕು. ಟ್ರಾಟ್‌ಗಿಂತ ವೇಗದ ಓಟವಾದ ಕ್ಯಾಂಟರ್‌ನಲ್ಲೂ ತಲೆ ಆಡುತ್ತದೆ, ಕೈ ಅದರ ಜೊತೆ ಹೋಗಬೇಕು. ಟ್ರಾಟ್‌ನಲ್ಲಿ ಮಾತ್ರ ತಲೆ ಹೆಚ್ಚುಕಡಿಮೆ ಅಲುಗುವುದಿಲ್ಲ. ಅಲ್ಲಿ ಆಡುವುದು ನೀವು, ಹೆಜ್ಜೆಯ ತಾಳಕ್ಕೆ ಜೀನಿನಿಂದ ಎದ್ದು ಕೂರುತ್ತಾ. ಜೀನಿನಿಂದ ಏಳುವಾಗ ಮೊಣಕೈ ಬಿಚ್ಚದಿದ್ದರೆ ನಿಮ್ಮ ಜೊತೆ ಕೈಯೂ ಏಳುತ್ತದೆ. ಪ್ರತಿ ಎರಡು ಹೆಜ್ಜೆಗೊಮ್ಮೆ ಕುದುರೆಯ ಬಾಯಿಗೆ ಒಂದು ಏಟು. ನಿಮ್ಮ ತೊಂದರೆ ಟ್ರಾಟ್‌ನಲ್ಲೇ ಶುರುವಾಗುತ್ತದೆ ಅಂದಿರಲ್ಲ, ನನಗೆ ಅನುಮಾನ ಇಲ್ಲಿಯೇ. ಕುದುರೆಯ ಕುತ್ತಿಗೆಗೆ ಒಂದು ಹಳೇ ಬೆಲ್ಟು ಕಟ್ಟಿ, ಎರಡೂ ಕಿರುಬೆರಳನ್ನು ಅದಕ್ಕೆ ಸಿಕ್ಕಿಸಿ ಟ್ರಾಟ್ ಮಾಡಿ. ಕೈ ಏಳಲು ಹೋದರೆ ಬೆಲ್ಟು ತಡೆಯುತ್ತದೆ. ಹತ್ತು ದಿನದಲ್ಲಿ ಮೊಣಕೈ ತಾನೇ ಬಿಚ್ಚಿಕೊಳ್ಳುವುದನ್ನು ಕಲಿಯುತ್ತದೆ.

ಕುದುರೆ ಹತ್ತುವ ಮೊದಲೇ ಮನೆ ಜಗಲಿಯಲ್ಲಿ ಮಾಡುವ ಅಭ್ಯಾಸ ಒಂದಿದೆ. ಮನೆಯವರೊಬ್ಬರು ಕಡಿವಾಣವನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಿಮಗೆ ಬೆನ್ನು ಮಾಡಿ ನಿಲ್ಲಲಿ. ನೀವು ಹಿಂದೆ ಲಗಾಮು ಹಿಡಿದು ನಿಲ್ಲಿ. ಉಂಗುರದ ಬೆರಳು ಎಷ್ಟು ಮುಚ್ಚಿದಾಗ ಅವರಿಗೆ ಗೊತ್ತಾಯಿತು ಅಂತ ಕೇಳಿ. ಆಮೇಲೆ ಜಾಗ ಬದಲಿಸಿ. ಎಷ್ಟು ಸಣ್ಣ ಒತ್ತು ಆ ತುದಿಗೆ ಎಷ್ಟು ದೊಡ್ಡದಾಗಿ ತಲುಪುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ನಾನು ಯಾರಿಗೇ ಕಲಿಸಲಿ, ಮೊದಲ ದಿನ ಇದನ್ನೇ ಮಾಡಿಸುವುದು.

ಈಗ ನಿಲ್ಲಿಸುವುದು. ತೋಟದ ರಸ್ತೆಯಲ್ಲಿ ಸದ್ಯಕ್ಕೆ ಬೇಡ. ಕಾಫಿ ಒಣಗಿಸುವ ಕಣದಲ್ಲೂ ಬೇಡ, ಸಿಮೆಂಟಿನ ಮೇಲೆ ಲಾಳ ಜಾರುತ್ತದೆ. ಕೊಯ್ಲಾಗಿ ಒಣಗಿದ ಗದ್ದೆ ಎಲ್ಲಕ್ಕಿಂತ ಒಳ್ಳೆಯದು. ಮಣ್ಣು ಮೆತ್ತಗೆ, ಸುತ್ತ ಬದು ಇರುತ್ತದೆ. ನಡಿಗೆಯಲ್ಲಿ ಹೊರಡಿ. ಮೊದಲು ಉಸಿರು ಉದ್ದಕ್ಕೆ ಬಿಡಿ. ಬೆನ್ನು ನೆಟ್ಟಗೆ, ಸೊಂಟ ಭಾರ ಮಾಡಿ ಕುಳಿತು, ಕುದುರೆಯ ಜೊತೆ ಆಡುತ್ತಿದ್ದ ನಿಮ್ಮ ಸೊಂಟವನ್ನು ನಿಲ್ಲಿಸಿ. 'ಹೋ...' ಅನ್ನಿ. ಗಾಡಿಯೆತ್ತಿಗೆ ಅನ್ನುವ ಅದೇ ಹೋ. ಆಮೇಲೆ ಬೆರಳು ಮುಚ್ಚಿ. ಒಂದು, ಎರಡು ಅಂತ ಎಣಿಸುವಷ್ಟು. ನಿಂತಿತೇ? ತಕ್ಷಣ ಬೆರಳು ಮೆತ್ತಗೆ, ಕುತ್ತಿಗೆಗೆ ಒಂದು ಸವರು. ನಿಲ್ಲಲಿಲ್ಲವೇ? ಬೆರಳು ತೆರೆದು, ಮತ್ತೆ ಮುಚ್ಚಿ. ಹಿಡಿದೇ ಇರಬೇಡಿ. ಒಂದೇ ಸಮನೆ ಹಿಡಿದರೆ ಅದಕ್ಕೆ ಒರಗಲು ಗೋಡೆ ಸಿಗುತ್ತದೆ, ರೇಸಿನ ನೆನಪು ಬರುತ್ತದೆ.

ಹತ್ತು ಹೆಜ್ಜೆ ನಡಿಗೆ, ಒಂದು ನಿಲುಗಡೆ. ಮತ್ತೆ ಹತ್ತು ಹೆಜ್ಜೆ. ದಿನಕ್ಕೆ ಇಪ್ಪತ್ತು ಸಲ. ಬೇಜಾರು ಅನ್ನಿಸಬಹುದು. ಆದರೆ ಹಳೇ ಪಾಠ ಅಳಿಸುವುದು ಇದೇ. ಕೆಲವು ದಿನ ಕಳೆದ ಮೇಲೆ ಒಂದು ಗಳಿಗೆ ಬರುತ್ತದೆ. ನೀವು ಉಸಿರು ಬಿಟ್ಟು ಕೂರುತ್ತೀರಿ, ಬೆರಳು ಮುಚ್ಚುವ ಮೊದಲೇ ಅದು ನಿಲ್ಲುತ್ತದೆ. ಕಿವಿ ಹಿಂದೆ ತಿರುಗಿಸಿ ನಿಮ್ಮನ್ನು ಕೇಳಿಸಿಕೊಳ್ಳುತ್ತದೆ, ಬಾಯಿ ಚಪ್ಪರಿಸುತ್ತದೆ, ಕುತ್ತಿಗೆ ಇಳಿಸುತ್ತದೆ. ಆ ದಿನ ಅಲ್ಲಿಗೇ ನಿಲ್ಲಿಸಿ, ಇಳಿದುಬಿಡಿ. ಇನ್ನೊಂದು ಸಲ ನೋಡೋಣ ಅನ್ನುವ ಆಸೆ ಬೇಡ. ನಡಿಗೆಯಲ್ಲಿ ಇದು ಕೂತ ಮೇಲೆಯೇ ಟ್ರಾಟ್. ಟ್ರಾಟ್‌ನಲ್ಲಿ ವೇಗ ಏರಿದರೆ ದೊಡ್ಡ ಸುತ್ತು ಹಾಕಿ. ಸುತ್ತು ಮೆಲ್ಲಗೆ ಚಿಕ್ಕದಾಗಲಿ. ಸುತ್ತಿನಲ್ಲಿ ಓಡುವ ಕುದುರೆಗೆ ತನ್ನ ಕಾಲು ತಾನೇ ನೋಡಿಕೊಳ್ಳಬೇಕಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ.

ತಿರುಗಿಸುವುದು ಸುಲಭ. ಹೋಗಬೇಕಾದ ಕಡೆ ನೋಡಿ. ಆ ಕಡೆಯ ಕೈಯನ್ನು ಹಿಂದಕ್ಕಲ್ಲ, ಪಕ್ಕಕ್ಕೆ ತೆರೆಯಿರಿ, ಒಳಗೆ ಬನ್ನಿ ಅಂತ ಬಾಗಿಲು ತೆರೆದ ಹಾಗೆ. ಇನ್ನೊಂದು ಕೈ ಅಷ್ಟೇ ಮುಂದಕ್ಕೆ ಬಿಟ್ಟುಕೊಡಲಿ, ಆದರೆ ಪೂರ್ತಿ ಬಿಡದಿರಲಿ. ಯಾವ ಕೈಯೂ ಕುದುರೆಯ ಕುತ್ತಿಗೆ ದಾಟಿ ಆಚೆ ಬದಿಗೆ ಹೋಗಬಾರದು. ಪೋಲೊ ಕುದುರೆಗಳನ್ನು ಒಂದೇ ಕೈಯಲ್ಲಿ, ಕುತ್ತಿಗೆಗೆ ಲಗಾಮು ಒರಗಿಸಿ ತಿರುಗಿಸುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋದಾಗ ಗೋಡೆಯ ಕೆಳಗಿನ ಸಾಲುಗಳನ್ನು ನಿಧಾನವಾಗಿ ನೋಡಿ. ಆನೆ, ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರು. 12ನೇ ಶತಮಾನದ ಕೆತ್ತನೆ. ಯುದ್ಧದ ಸವಾರನಿಗೆ ಒಂದು ಕೈ ಆಯುಧಕ್ಕೆ ಬೇಕು, ಲಗಾಮಿಗೆ ಉಳಿಯುವುದು ಇನ್ನೊಂದೇ. ಅಂದರೆ ಕುದುರೆಗೆ ಮುಕ್ಕಾಲು ಮಾತು ಕಾಲು ಮತ್ತು ಸೊಂಟದಿಂದಲೇ ಹೋಗಬೇಕಿತ್ತು. ನಾನು ಅಲ್ಲಿಗೆ ಹೋದಾಗಲೆಲ್ಲ ಆ ಸಾಲಿನ ಮುಂದೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಿಮ್ಮ ಕುದುರೆಗೆ ಮಾತ್ರ ಸದ್ಯಕ್ಕೆ ಎರಡು ಕೈ ಇರಲಿ.

ನಿಮ್ಮ ತೋಟ ಇಳಿಜಾರಿನದು, ಹಾಗಾಗಿ ಇದನ್ನೂ ಹೇಳಬೇಕು. ಇಳಿಯುವಾಗ ಲಗಾಮು ಹಿಡಿದು ಕುದುರೆಯನ್ನು ಬೀಳದಂತೆ ತಡೆಯುತ್ತೇನೆ ಅಂದುಕೊಳ್ಳಬೇಡಿ. ಅದು ಸಮತೋಲನ ಮಾಡುವುದು ಕುತ್ತಿಗೆಯಿಂದ. ತಂತಿಯ ಮೇಲೆ ನಡೆಯುವವನ ಕೈಯ ಕೋಲಿನ ಹಾಗೆ ಅದು. ಆ ಕೋಲನ್ನೇ ನೀವು ಹಿಡಿದುಕೊಂಡರೆ ಹೇಗೆ? ಒಂದೆರಡು ಇಂಚು ಉದ್ದ ಬಿಡಿ, ನೆಟ್ಟಗೆ ಕುಳಿತುಕೊಳ್ಳಿ, ಓರೆಯಾಗಿ ಹೋಗದೆ ನೇರವಾಗಿ ಇಳಿಯಿರಿ. ಓರೆ ಹೋದರೆ ಹಿಂಗಾಲು ಪಕ್ಕಕ್ಕೆ ಜಾರುತ್ತದೆ. ಏರುವಾಗ ಜೂಲು ಹಿಡಿದುಕೊಳ್ಳಿ, ಲಗಾಮನ್ನಲ್ಲ. ಜೂಲು ಹಿಡಿಯುವುದು ನಾಚಿಕೆಯ ವಿಷಯ ಅಲ್ಲವೇ ಅಲ್ಲ. ಎಲ್ಲಿಯೇ ಆಗಲಿ, ಆಯ ತಪ್ಪಿದಾಗ ಕೈ ಹೋಗಬೇಕಾದದ್ದು ಜೂಲಿಗೆ.

ಆದರೂ ಒಂದು ದಿನ ಕುದುರೆ ಕೈ ಮೀರಿ ಓಡಿತು ಅನ್ನಿ. ಆನೆ ವಾಸನೆ ಬಂತು, ಜೀಪು ಹಾರ್ನ್ ಹೊಡೆಯಿತು. ಹಿಂದಕ್ಕೆ ಮಲಗಿ ಎರಡೂ ಕೈಯಿಂದ ಜಗ್ಗಬೇಡಿ. ಎಡಗೈಯ ಲಗಾಮನ್ನು ಗಿಡ್ಡ ಮಾಡಿ, ಆ ಮುಷ್ಟಿಯನ್ನು ಜೂಲಿನ ಮೇಲೆ ಕುತ್ತಿಗೆಗೆ ಗಟ್ಟಿಯಾಗಿ ಒತ್ತಿಡಿ. ಬಲಗೈಯಿಂದ ಮೇಲಕ್ಕೆ ಹಿಂದಕ್ಕೆ ಒಂದು ಸಲ ಬಲವಾಗಿ ಎತ್ತಿ, ಬಿಡಿ. ಮತ್ತೆ ಎತ್ತಿ, ಬಿಡಿ. ಇದನ್ನು ಪುಲ್ಲಿ ರೇನ್ ಅಂತಾರೆ. ಎಡಗೈ ಕುತ್ತಿಗೆಗೆ ಊರಿರುವುದರಿಂದ ತಲೆ ನೇರ ಇರುತ್ತದೆ. ಇದು ಆಪತ್ತಿಗೆ ಮಾತ್ರ. ಒಂದೇ ಲಗಾಮು ಎಳೆದು ತಲೆಯನ್ನು ನಿಮ್ಮ ಮೊಣಕಾಲಿಗೆ ತಿರುಗಿಸುವ ವಿಧಾನವೂ ಇದೆ. ನಿಧಾನ ನಡಿಗೆಯಲ್ಲಿ ಅದು ಸರಿ. ನಾಗಾಲೋಟದಲ್ಲಿ ಮಾಡಿದರೆ ಕುದುರೆ ಕಾಲು ಸಿಕ್ಕಿಕೊಂಡು ಬೀಳುತ್ತದೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕೊರಕಲು ಇರುವ ನಿಮ್ಮ ರಸ್ತೆಯಲ್ಲಿ ಅದು ಬೇಡವೇ ಬೇಡ. ಏನೇ ಆದರೂ ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ. ಸವಾರಿಯಲ್ಲೂ, ನೆಲದ ಮೇಲೆ ನಡೆಸಿಕೊಂಡು ಹೋಗುವಾಗಲೂ. ಬಿದ್ದರೆ ಅದು ಬಿಚ್ಚಿಕೊಳ್ಳುವುದಿಲ್ಲ, ಕುದುರೆ ಎಳೆದುಕೊಂಡೇ ಹೋಗುತ್ತದೆ.

ಕೊನೆಗೆ ಲಗಾಮಿನ ಆರೈಕೆ. ನಮ್ಮ ಕಡೆ ಜೂನ್ ಬಂತೆಂದರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಒದ್ದೆಯಾದರೆ ಸಾಬೂನಿನ ಹಾಗೆ ಜಾರುತ್ತದೆ. ಜಾರುವ ಲಗಾಮು ನಿಮ್ಮ ಮುಷ್ಟಿಯನ್ನು ಮತ್ತೆ ಬಿಗಿ ಮಾಡಿಸುತ್ತದೆ. ಮಳೆಗಾಲಕ್ಕೆ ರಬ್ಬರ್ ಹಿಡಿ ಇರುವ ಲಗಾಮು ಇಟ್ಟುಕೊಳ್ಳಿ, ತೆಳು ಕೈಗವಸು ಹಾಕಿ. ಟ್ರಾಟ್‌ಗೆ ಸರಿಯಾದ ಉದ್ದ ಸಿಕ್ಕ ದಿನ ಎರಡೂ ಪಟ್ಟಿಯ ಮೇಲೆ ಆ ಜಾಗಕ್ಕೆ ಬಣ್ಣದ ದಾರ ಸುತ್ತಿ. ಉದ್ದ ಹೆಚ್ಚಾಗಿದೆ ಅನ್ನಿಸಿದರೆ ಕೈ ಹಿಂದಕ್ಕೆ ತರದೆ, ಬೆರಳಲ್ಲಿ ದಾರದವರೆಗೆ ಜಾರಿಸಿಕೊಳ್ಳಿ. ಕಡಿವಾಣದ ಬಳೆಗೆ ಲಗಾಮು ಸೇರುವ ಕಡೆಯ ಹೊಲಿಗೆಯನ್ನು ವಾರಕ್ಕೊಮ್ಮೆ ಬಗ್ಗಿಸಿ ನೋಡಿ. ಹರಿಯುವುದು ಯಾವಾಗಲೂ ಅಲ್ಲೇ. ಬಿರುಕು ಕಂಡ ಲಗಾಮನ್ನು ಅವತ್ತೇ ಬದಲಿಸಿ.